ಉಲುರು ಟ್ರಿಪ್‌ಗೆ ಐದು ದಿನ ಸಾಕಾ?

ನೀವು ಕೇಳಿದ್ದು ಇಷ್ಟು: ಆನಿವರ್ಸರಿಗೆ ಅಂತ ಸಿಡ್ನಿಯಿಂದ ಗಂಡ ಹೆಂಡತಿ ಇಬ್ಬರೇ ಹೊರಟಿದ್ದೀರಿ, ಡಿಸೆಂಬರ್‌ನಲ್ಲಿ ಐದು ದಿನ ಇದೆ. ಆಸ್ಟ್ರೇಲಿಯಾದ ನಡುವಿನ ಮರುಭೂಮಿಯಲ್ಲಿರುವ ಉಲುರು ಅನ್ನುವ ಕೆಂಪು ಹೆಬ್ಬಂಡೆ, ಕಿಂಗ್ಸ್ ಕ್ಯಾನ್ಯನ್ ಕಮರಿ, ಆಲಿಸ್ ಸ್ಪ್ರಿಂಗ್ಸ್ ಊರು, ವೆಸ್ಟ್ ಮ್ಯಾಕ್‌ಡೊನೆಲ್ ಬೆಟ್ಟಗಳು ಎಲ್ಲವೂ ಆಗಬೇಕು, ಜೊತೆಗೆ ಅಲ್ಲಿನ ಮೂಲನಿವಾಸಿಗಳ ಸಂಸ್ಕೃತಿಯನ್ನೂ "ಸರಿಯಾಗಿ" ನೋಡಬೇಕು.

ಆಗಲ್ಲ. ಬೇಸರ ಮಾಡಿಕೊಳ್ಳಬೇಡಿ, ನಾವೂ ಇದೇ ಪ್ಲಾನ್ ಹಾಕಿಕೊಂಡು ಹೋಗಿ ಕಲಿತವರು. ಮ್ಯಾಪ್‌ನಲ್ಲಿ ಎಲ್ಲ ಪಕ್ಕಪಕ್ಕ ಕಾಣುತ್ತವೆ. ಆದರೆ ಉಲುರುವಿನಿಂದ ಕಿಂಗ್ಸ್ ಕ್ಯಾನ್ಯನ್ ಸುಮಾರು 300 ಕಿ.ಮೀ., ಅಲ್ಲಿಂದ ಡಾಂಬರು ರಸ್ತೆಯಲ್ಲೇ ಆಲಿಸ್‌ಗೆ 470, ಆಲಿಸ್‌ನಿಂದ ವಾಪಸ್ ಉಲುರುಗೆ 450. ಒಂದು ಸುತ್ತಿಗೇ 1,200 ದಾಟಿತು ಅಲ್ವಾ? ರಾತ್ರಿ ಓಡಿಸೋಣ ಅಂದರೆ ಅದೂ ಆಗಲ್ಲ. ಕತ್ತಲಾದ ಮೇಲೆ ಕಾಂಗರೂ, ಒಂಟೆ, ದನ ಎಲ್ಲ ರಸ್ತೆಗೆ ಬರುತ್ತವೆ, ಊರಾಚೆ ರಾತ್ರಿ ಏನಾದರೂ ಆದರೆ ಬಾಡಿಗೆ ಕಾರಿನ ಇನ್ಶೂರೆನ್ಸ್ ಸಾಮಾನ್ಯವಾಗಿ ಕೈಕೊಡುತ್ತದೆ.

ಮೊದಲು ತಿಂಗಳು ಬದಲಿಸಿ. ಡಿಸೆಂಬರ್‌ನಲ್ಲಿ 40 ಡಿಗ್ರಿ ದಾಟುವುದು ಅಲ್ಲಿ ಮಾಮೂಲು. 36 ಡಿಗ್ರಿ ಮುನ್ಸೂಚನೆ ಇದ್ದರೆ ಉಲುರು ಹತ್ತಿರದ ಕಾಟಾ ಜೂಟಾ ಬಂಡೆಗುಡ್ಡಗಳ ನಡುವೆ ನಡೆಯುವ ವ್ಯಾಲಿ ಆಫ್ ದಿ ವಿಂಡ್ಸ್ ದಾರಿಯನ್ನು ಬೆಳಿಗ್ಗೆ 11ಕ್ಕೇ ಮೊದಲ ವ್ಯೂ ಪಾಯಿಂಟ್‌ನಿಂದಾಚೆ ಮುಚ್ಚಿಬಿಡುತ್ತಾರೆ. ನೊಣಗಳ ಕಾಟ ಬೇರೆ. ಮುಖಕ್ಕೆ ಬಲೆ ಕಟ್ಟಿಕೊಂಡು ಆನಿವರ್ಸರಿ ಫೋಟೋ ತೆಗೆಸಿಕೊಳ್ಳಬೇಕಾಗುತ್ತದೆ. ನಾವು ಹೋಗಿದ್ದು ಜುಲೈನಲ್ಲಿ, ಅಲ್ಲಿ ಆಗ ಚಳಿಗಾಲ. ಹಗಲು ಹಿತವಾದ ಬಿಸಿಲು, ನೊಣ ಇಲ್ಲವೇ ಇಲ್ಲ ಅನ್ನಬಹುದು. ಆದರೆ ಬೆಳಗಿನ ಜಾವ ಕಾರಿನ ಗಾಜಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು, ನನ್ನ ಹೆಂಡತಿ ಮೆಡಿಕೇರ್ ಕಾರ್ಡಿನಿಂದ ಕೆರೆದು ತೆಗೆದಳು. ಸ್ವೆಟರ್, ಟೋಪಿ ಮರೆಯಬೇಡಿ, ಮರುಭೂಮಿ ಅಂದರೆ ಬರೀ ಸೆಕೆ ಅಂದುಕೊಂಡು ಹೋಗಿ ನಡುಗಿದವರು ನಾವು.

ನನ್ನನ್ನು ಕೇಳಿದರೆ ಹೀಗೆ ಮಾಡಿ. ಸಿಡ್ನಿಯಿಂದ ನೇರ ಉಲುರುಗೆ ವಿಮಾನ ಇದೆ, ಟಿಕೆಟ್ ಹುಡುಕುವಾಗ ಮಾತ್ರ ಹಳೆಯ ಹೆಸರು "ಏರ್ಸ್ ರಾಕ್" ಅಂತಲೇ ಹಾಕಿ. ಪಕ್ಕದ ಯುಲಾರಾದಲ್ಲಿ ಮೂರು ರಾತ್ರಿ. ನಾಲ್ಕನೇ ದಿನ ಹಗಲಲ್ಲೇ ಆಲಿಸ್‌ಗೆ ಡ್ರೈವ್, ಅಲ್ಲಿ ಒಂದು ರಾತ್ರಿ, ಮರುದಿನ ಅಲ್ಲಿಂದಲೇ ವಿಮಾನ. ಕಿಂಗ್ಸ್ ಕ್ಯಾನ್ಯನ್ ಈ ಸಲ ಬಿಡಿ. ಅದರ ಅಂಚಿನ ಮೇಲಿನ 6 ಕಿ.ಮೀ. ನಡಿಗೆ ಅದ್ಭುತ, ನಿಜ, ಆದರೆ ಆರನೇ ದಿನ ಸಿಕ್ಕರೆ ಮಾತ್ರ.

ಕಾರು ಬುಕ್ ಮಾಡುವಾಗ ಸಣ್ಣಕ್ಷರ ಓದಿ. ನಮಗೆ ಕಾರು ಕೊಟ್ಟವರು ದಿನಕ್ಕೆ 100 ಕಿ.ಮೀ. ಮಾತ್ರ ಫ್ರೀ ಅಂತ ಎಲ್ಲೋ ಮೂಲೆಯಲ್ಲಿ ಬರೆದಿದ್ದರು, ವಾಪಸ್ ಕೊಡುವಾಗ ಬಂದ ಬಿಲ್ ನೋಡಿ ಇಬ್ಬರೂ ಅರ್ಧ ಗಂಟೆ ಮಾತಾಡಲಿಲ್ಲ. ಒಂದು ಊರಲ್ಲಿ ತಗೊಂಡು ಇನ್ನೊಂದು ಊರಲ್ಲಿ ಬಿಟ್ಟರೆ ಅದಕ್ಕೂ ಬೇರೆ ಚಾರ್ಜ್ ಇರುತ್ತದೆ, ಅದನ್ನೂ ಕೇಳಿ.

ಈಗ ಸಂಸ್ಕೃತಿ ವಿಷಯ. ನಾನು ಜಾಸ್ತಿ ಬರೆಯಬೇಕು ಅಂದುಕೊಂಡಿದ್ದೇ ಇದು.

ಉಲುರು ಅಲ್ಲಿನ ಅನಂಗು ಜನರದು. 1985ರ ಅಕ್ಟೋಬರ್ 26ರಂದು ಸರ್ಕಾರ ಆ ನೆಲದ ಹಕ್ಕುಪತ್ರ ಅವರಿಗೆ ವಾಪಸ್ ಕೊಟ್ಟಿತು, ಅವರು ಅದನ್ನು 99 ವರ್ಷದ ಲೀಸ್‌ಗೆ ನ್ಯಾಷನಲ್ ಪಾರ್ಕ್‌ಗೆ ಬಿಟ್ಟರು. ಬಂಡೆ ಹತ್ತಬೇಡಿ ಅಂತ ಅವರು ವರ್ಷಗಟ್ಟಲೆ ಕೇಳಿಕೊಂಡರೂ ಜನ ಸರಪಳಿ ಹಿಡಿದು ಹತ್ತುತ್ತಲೇ ಇದ್ದರು, ಕೊನೆಗೆ 2019ರಲ್ಲಿ ಅದೇ ಅಕ್ಟೋಬರ್ 26ಕ್ಕೆ ಪೂರ್ತಿ ನಿಂತಿತು. ಹಾಗಾಗಿ "ಮೇಲಿಂದ ವ್ಯೂ ಹೇಗಿರುತ್ತೆ" ಅನ್ನುವ ನಿಮ್ಮ ಇನ್ನೊಂದು ಪ್ರಶ್ನೆ ಬಿಟ್ಟುಬಿಡಿ. ಸುತ್ತ ನಡೆಯಿರಿ. 10.6 ಕಿ.ಮೀ., ನಿಧಾನಕ್ಕೆ ನಡೆದರೆ ಮೂರೂವರೆ ಗಂಟೆ. ಪಾರ್ಕ್‌ನವರು ಬೆಳಿಗ್ಗೆ ಬೇಗ ಮಾಲಾ ಕಾರ್ ಪಾರ್ಕ್‌ನಿಂದ ಶುರುಮಾಡಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ನಡೆಯಿರಿ ಅನ್ನುತ್ತಾರೆ. ಅಂದರೆ ಪ್ರದಕ್ಷಿಣೆ! ನಮ್ಮಮ್ಮನಿಗೆ ಫೋನಲ್ಲಿ ಹೇಳಿದಾಗ "ಒಂದೇ ಸುತ್ತಾ?" ಅಂದರು.

ಮಾಲಾ ದಾರಿಯಲ್ಲಿ ರೇಂಜರ್ ಜೊತೆಗಿನ ನಡಿಗೆ ಫ್ರೀ. ದುಡ್ಡು ಕೊಟ್ಟು ಮಾಡಿದ ಎಷ್ಟೋ ಟೂರ್‌ಗಿಂತ ಅದೇ ಚೆನ್ನಾಗಿತ್ತು. ಸಮಯ ಸೀಸನ್‌ಗೆ ತಕ್ಕಂತೆ ಬದಲಾಗುತ್ತದೆ, ಹಿಂದಿನ ದಿನವೇ ನೋಡಿಕೊಳ್ಳಿ. ಪಾರ್ಕ್ ಪಾಸ್ ಒಬ್ಬರಿಗೆ 38 ಡಾಲರ್, ಮೂರು ದಿನ ನಡೆಯುತ್ತದೆ.

ಸುತ್ತ ನಡೆಯುವಾಗ ಕೆಲವು ಕಡೆ "ಇಲ್ಲಿ ಫೋಟೋ ಬೇಡ" ಅಂತ ಬೋರ್ಡ್ ಇರುತ್ತದೆ. ಕೆಲವು ಜಾಗ ಗಂಡಸರಿಗೆ ಸೇರಿದ್ದು, ಕೆಲವು ಹೆಂಗಸರಿಗೆ. ಅಲ್ಲಿನ ಕಥೆ ಆಯಾ ಜನರಿಗೆ ಮಾತ್ರ, ನಮಗೆ ಹೇಳುವುದಿಲ್ಲ. ಮೊದಲು ನನಗೆ ಸ್ವಲ್ಪ ಕಿರಿಕಿರಿಯಾಯಿತು, ಇಷ್ಟು ದೂರ ಬಂದು ಕಥೆಯೂ ಇಲ್ಲ ಅಂದರೆ ಹೇಗೆ ಅಂತ. ಆಮೇಲೆ ಅನಿಸಿತು, ನಮ್ಮೂರಿನ ಗರ್ಭಗುಡಿಯೊಳಗೆ ಕ್ಯಾಮೆರಾ ಹಿಡಿದು ಬಂದವರನ್ನು ನಾವು ಸುಮ್ನೆ ಬಿಡುತ್ತೇವಾ?

ಎಲ್ಲರಿಗೂ ಹೇಳುವ ಕಥೆಗಳೂ ಇವೆ. ಬಂಡೆಯ ಬುಡದ ಕುನಿಯಾ ನಡಿಗೆಯನ್ನು ಬಿಡಬೇಡಿ, ಚಿಕ್ಕದು. ಕುನಿಯಾ ಅಂದರೆ ಹೆಬ್ಬಾವು ಹೆಂಗಸು. ಅವಳ ಸೋದರಳಿಯನನ್ನು ಲಿರು ಅನ್ನುವ ವಿಷಸರ್ಪದ ಗುಂಪಿನವರು ಈಟಿಯಿಂದ ತಿವಿದು ಕೊಂದರು. ಅವಳು ಬಂದು, ಅಣಕಿಸಿ ನಕ್ಕ ಲಿರು ಒಬ್ಬನ ತಲೆಗೆ ಅಗೆಯುವ ಕೋಲಿನಿಂದ ಎರಡೇಟು ಹಾಕಿದಳು. ಬಂಡೆಯ ಗೋಡೆ ನೋಡಿ, ಎರಡು ಸೀಳು ಕಾಣುತ್ತವೆ. ಮೊದಲನೆಯದು ಚಿಕ್ಕದು, ಎರಡನೆಯದು ಉದ್ದ. ಕಥೆ ಗೊತ್ತಿಲ್ಲದೆ ನೋಡಿದರೆ ಅದು ಬರೀ ಬಿರುಕು. ಕೊನೆಯಲ್ಲಿ ಮುಟಿಜುಲು ನೀರಿನ ಗುಂಡಿ, ನೆರಳು, ತಂಪು. ನಾವು ಅಲ್ಲೇ ಬೆಂಚಿನ ಮೇಲೆ ಕೂತು ತಂದಿದ್ದ ಅವಲಕ್ಕಿ ತಿಂದೆವು.

ಕಲ್ಚರಲ್ ಸೆಂಟರ್ ಮತ್ತು ಯುಲಾರಾದಲ್ಲಿ ಮಾರುಕು ಆರ್ಟ್ಸ್ ಅಂತ ಇದೆ, ಮೂಲನಿವಾಸಿ ಕಲಾವಿದರದೇ ಸಂಸ್ಥೆ. ಅವರ ಚುಕ್ಕಿ ಚಿತ್ರದ ಕ್ಲಾಸ್‌ಗೆ ಖಂಡಿತ ಹೋಗಿ. ನಮಗೆ ಕಲಿಸಿದವರು ಒಬ್ಬ ಹಿರಿಯ ಹೆಂಗಸು. ಮಾತೆಲ್ಲ ಪಿಟ್ಜಂಟ್‌ಜಟ್ಜರಾ ಭಾಷೆಯಲ್ಲಿ, ಪಕ್ಕದಲ್ಲಿ ಒಬ್ಬರು ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದರು. ಅವರು ಕೆಂಪು ಮರಳಿನ ಮೇಲೆ ಬೆರಳಲ್ಲಿ ಕುದುರೆ ಲಾಳದಂಥ ಗುರುತು ಎಳೆದರು: ಕೂತ ಮನುಷ್ಯ. ಪಕ್ಕದಲ್ಲಿ ಒಂದು ಗೆರೆ: ಅಗೆಯುವ ಕೋಲು, ಅಂದರೆ ಕೂತವಳು ಹೆಂಗಸು. ನಡುವೆ ಸುತ್ತು ಸುತ್ತು: ನೀರಿನ ಗುಂಡಿ. ಹೇಳಿ ಮುಗಿಸಿ ಅಂಗೈಯಲ್ಲಿ ಸವರಿ ಎಲ್ಲ ಅಳಿಸಿಬಿಟ್ಟರು.

ನನ್ನ ಹೆಂಡತಿ "ಅಯ್ಯೋ ನಮ್ಮ ಚುಕ್ಕಿ ರಂಗೋಲಿ ಥರ" ಅಂದಳು. ಹೋಲುವುದು ಮೇಲ್ನೋಟಕ್ಕಷ್ಟೇ. ನಾವು ಚುಕ್ಕಿ ಇಡುವುದು ಗೆರೆ ಎಳೆಯೋಕೆ. ಇವತ್ತು ಎಲ್ಲೆಡೆ ಕಾಣುವ ಈ ಚುಕ್ಕಿ ಚಿತ್ರ 1971ರ ಹೊತ್ತಿಗೆ ಪಪುನ್ಯಾ ಅನ್ನುವ ಊರಿನಲ್ಲಿ ಬೋರ್ಡ್ ಮೇಲೆ ಬಂದದ್ದು. ಗುಟ್ಟಾಗಿಡಬೇಕಾದ ಗುರುತುಗಳು ಹೊರಗಿನವರ ಕಣ್ಣಿಗೆ ಬಿದ್ದಾವು ಅಂತ ಚುಕ್ಕಿಗಳಿಂದ ಅವನ್ನು ಮರೆಮಾಡುವುದೂ ಆಮೇಲೆ ಬೆಳೆಯಿತು. ಪೇಂಟಿಂಗ್ ಕೊಳ್ಳುವುದಾದರೆ ಇಂಥ ಕಡೆಯೇ ಕೊಳ್ಳಿ, ಕಲಾವಿದರ ಹೆಸರಿರುವ ಸರ್ಟಿಫಿಕೇಟ್ ಕೇಳಿ. ಏರ್‌ಪೋರ್ಟ್ ಬೂಮರಾಂಗ್ ಬೇಡ.

ಆಲಿಸ್ ದಾರಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ಹಾಕಿಸಿ, ನೀರು ಒಬ್ಬರಿಗೆ ಐದಾರು ಲೀಟರ್ ಇಟ್ಟುಕೊಳ್ಳಿ, ಆಫ್‌ಲೈನ್ ಮ್ಯಾಪ್ ಇರಲಿ. 50 ಮೀಟರ್ ಉದ್ದದ ರೋಡ್ ಟ್ರೇನ್ ಲಾರಿಗಳನ್ನು ಓವರ್‌ಟೇಕ್ ಮಾಡಲು ಅವಸರ ಬೇಡ. ದಾರಿಯಲ್ಲಿ ಚಪ್ಪಟೆ ತಲೆಯ ದೊಡ್ಡ ಬೆಟ್ಟ ಕಂಡರೆ ಅದು ಮೌಂಟ್ ಕಾನರ್, ಎಷ್ಟೋ ಜನ ಅದನ್ನೇ ಉಲುರು ಅಂದುಕೊಂಡು ಇಳಿದು ಫೋಟೋ ಹೊಡೆಯುತ್ತಾರೆ. ನೀವು ಉಲುರು ನೋಡಿಕೊಂಡೇ ಬರುವುದರಿಂದ ಮೋಸ ಹೋಗಲ್ಲ.

ವೆಸ್ಟ್ ಮ್ಯಾಕ್‌ಡೊನೆಲ್ ಬೆಟ್ಟಗಳಲ್ಲಿ ಕೊನೆಯ ಬೆಳಿಗ್ಗೆ ಸಿಂಪ್ಸನ್ಸ್ ಗ್ಯಾಪ್ ಅನ್ನುವ ಕಮರಿ ಒಂದನ್ನಾದರೂ ನೋಡಿ, ಆಲಿಸ್‌ನಿಂದ ಅರ್ಧ ಗಂಟೆ ಕೂಡ ಇಲ್ಲ. ಬೇಗ ಹೋದರೆ ಬಂಡೆಗಳ ಮೇಲೆ ಕಾಂಗರೂ ಜಾತಿಯ ಪುಟಾಣಿ ವಾಲಬಿಗಳು ಸಿಗುತ್ತವೆ. ನಮ್ಮ ಜೊತೆ ಬಂದಿದ್ದವರು ಎಲ್ಲರೂ ಫೋನ್ ಹಿಡಿದು ಆಕಡೆ ಈಕಡೆ ಓಡಾಡಿದರು, ಒಂದೂ ಕಾಣಲಿಲ್ಲ. ಅವರೆಲ್ಲ ಹೋದ ಮೇಲೆ ನಾವಿಬ್ಬರೇ ಮರಳಿನ ಮೇಲೆ ಕೂತಿದ್ದೆವು, ಹತ್ತು ನಿಮಿಷಕ್ಕೆ ಮೂರು ಬಂದವು.

ಬಿಳಿ ಶೂ ಹಾಕಿಕೊಂಡು ಹೋಗಬೇಡಿ. ನನ್ನದು ಇನ್ನೂ ಕೆಂಪಗೇ ಇದೆ.