ಬೈತಾರೆ ಅನ್ನುವ ಭಯವೇ ಅವರ ಬಂಡವಾಳ

ನಮಸ್ಕಾರ ಮೇಡಂ,

ಇಂಟರ್ನೆಟ್ ಬಳಸುವಾಗ ಏನೇನು ಮಾಡಬಾರದು ಅಂತ ಮಕ್ಕಳಿಗೆ ಪಟ್ಟಿ ಕೊಟ್ಟು ಸಹಿ ಹಾಕಿಸಿಕೊಂಡಿರಿ. ಆದರೂ ನಿಮ್ಮ ಒಂಬತ್ತನೇ ತರಗತಿಯ ಹುಡುಗನೊಬ್ಬ ಆನ್‌ಲೈನ್ ಪರಿಚಯದವರಿಗೆ ಖಾಸಗಿ ಫೋಟೊ ಕಳಿಸಿ, ಬೆದರಿಕೆಗೆ ಸಿಕ್ಕಿ, ಯಾರಿಗೂ ಹೇಳದೆ ಒದ್ದಾಡಿದ. ಇನ್ನು ಫೋನನ್ನೇ ಮುಟ್ಟಬೇಡಿ ಅನ್ನಬೇಕಾ, ಪಾಠ ಯಾವ ವಯಸ್ಸಿಗೆ ಶುರು ಮಾಡಬೇಕು ಅಂತ ಕೇಳಿದ್ದೀರಿ.

ಫೋನ್ ಕಿತ್ತುಕೊಳ್ಳುವುದು ಬೇಡ. ನಿಮ್ಮ ಪಟ್ಟಿಯಲ್ಲಿ ತಪ್ಪೂ ಇಲ್ಲ. ಆದರೆ ಎಡವಿ ಬಿದ್ದ ಮೇಲೆ ಯಾರ ಹತ್ತಿರ ಓಡಿ ಬರಬೇಕು ಅನ್ನುವುದು ಅದರಲ್ಲಿಲ್ಲ. ಸಹಿ ಹಾಕಿದ ನಿಯಮ ಮುರಿದೆ ಅಂತ ಹುಡುಗನಿಗೆ ಗೊತ್ತಿತ್ತು. ಅದಕ್ಕೇ ಬಾಯಿ ಬಿಡಲಿಲ್ಲ. ಮನೆಯಲ್ಲಿ ಬೈತಾರೆ, ಶಾಲೆಯಲ್ಲಿ ಮಾನ ಹೋಗುತ್ತೆ ಅನ್ನುವ ಭಯವನ್ನೇ ನೆಚ್ಚಿಕೊಂಡು ಬೆದರಿಸುವವರು ದಂಧೆ ನಡೆಸುತ್ತಾರೆ. ಹಾಗಾಗಿ ಮೊದಲ ಪಾಠ, "ಏನೇ ಆಗಿರಲಿ, ಬಂದು ಹೇಳು. ನಿನ್ನನ್ನು ಬೈಯುವುದಿಲ್ಲ." ಈ ಮಾತು ಕೊಟ್ಟ ಮೇಲೆ ನಾವು ದೊಡ್ಡವರು ತಪ್ಪಬಾರದು.

ಹೇಳಿದ ಮೇಲೆ ಏನು ಮಾಡಬೇಕು ಅನ್ನುವುದನ್ನೂ ಕಲಿಸಿ. ಹಣ ಕೊಡಬಾರದು, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಗಾಬರಿಯಲ್ಲಿ ಚಾಟ್ ಅಳಿಸಬಾರದು. ಬೆದರಿಕೆಯ ಮೆಸೇಜು, ಆ ಖಾತೆಯ ಹೆಸರು, ಎರಡನ್ನೂ ಸ್ಕ್ರೀನ್‌ಶಾಟ್ ತೆಗೆದಿಟ್ಟು, ರಿಪೋರ್ಟ್ ಮಾಡಿ, ಆಮೇಲೆ ಬ್ಲಾಕ್ ಮಾಡಬೇಕು. ಪೊಲೀಸರಿಗೆ ದೂರು ಕೊಡುವಾಗ ಇವು ಬೇಕಾಗುತ್ತವೆ.

'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯೊಂದಿದೆ. ಕಾಣೆಯಾದ, ಶೋಷಣೆಗೆ ಒಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಸಂಸ್ಥೆಯೊಂದು ಇದನ್ನು ನಡೆಸುತ್ತದೆ. 18 ತುಂಬುವ ಮೊದಲು ತೆಗೆದ ನಗ್ನ ಅಥವಾ ಲೈಂಗಿಕ ಚಿತ್ರಗಳಿಗೆ ಇದು ಅನ್ವಯಿಸುತ್ತದೆ. ಹೆಸರು ಹೇಳಬೇಕಿಲ್ಲ, ಫೋಟೊ ಕಳಿಸಬೇಕಾಗಿಯೂ ಇಲ್ಲ. ಚಿತ್ರದಿಂದ ಬೆರಳಚ್ಚಿನಂಥ ಒಂದು ಕೋಡ್ ನಮ್ಮ ಫೋನಿನಲ್ಲೇ ತಯಾರಾಗುತ್ತದೆ, ಹೊರಗೆ ಹೋಗುವುದು ಆ ಕೋಡ್ ಮಾತ್ರ. ಸೇವೆಗೆ ಸೇರಿರುವ ಆ್ಯಪ್, ವೆಬ್‌ಸೈಟ್ ಕಂಪನಿಗಳು ಅದನ್ನು ತಮ್ಮಲ್ಲಿರುವ ಚಿತ್ರಗಳ ಜೊತೆ ಹೋಲಿಸಿ ನೋಡಿ, ಹೊಂದಿದ ಚಿತ್ರವನ್ನು ತೆಗೆಯುತ್ತವೆ. ಸೇರದ ಕಡೆ ನಡೆಯುವುದಿಲ್ಲ, ನಿಜ. ಆದರೂ ದಾರಿಯೊಂದಿದೆ ಅಂತ ಗೊತ್ತಾದರೆ ಹೆದರಿದ ಮಗುವಿಗೆ ಎಷ್ಟೋ ಧೈರ್ಯ, ಅಲ್ವಾ?

ಒಂದು ವಿಷಯ ಒತ್ತಿ ಹೇಳುತ್ತೇನೆ. ವಿಚಾರಣೆಯ ನೆಪದಲ್ಲಿ ಆ ಫೋಟೊ ಶಿಕ್ಷಕರ ಗ್ರೂಪಿಗೂ ಹೋಗಬಾರದು. "ತೋರಿಸು ನೋಡೋಣ" ಅಂತಲೂ ಕೇಳಬೇಡಿ. ಸಹಪಾಠಿಗಳಿಗೂ ಇದೇ ಮಾತು. ಬಂದ ಫೋಟೊವನ್ನು ಸುಮ್ನೆ ತಮಾಷೆಗೆ ಮುಂದೆ ಕಳಿಸಿದವನು ಕೂಡ ಆ ಹುಡುಗನಿಗೆ ನೋವು ಕೊಟ್ಟವನೇ. ಜವಾಬ್ದಾರಿ ಅಂದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ಇದು. ಪಾಸ್‌ವರ್ಡ್, ಒಟಿಪಿ ವಿಷಯ ಮಕ್ಕಳು ಬೇಗ ಕಲಿಯುತ್ತಾರೆ.

ಇನ್ನು ವಯಸ್ಸಿನ ಪ್ರಶ್ನೆ. ಮನೆಯವರ ಫೋನ್ ಕೈಗೆ ಸಿಗುವ ಹೊತ್ತಿಗೇ ಶುರು ಮಾಡಿ. ಅಷ್ಟು ಚಿಕ್ಕವರಿಗೆ ಬ್ಲ್ಯಾಕ್‌ಮೇಲ್ ಕಥೆ ಬೇಡ. ಆಟದ ಆ್ಯಪ್‌ನಲ್ಲಿ ಯಾರಾದರೂ "ಅಮ್ಮಂಗೆ ಹೇಳ್ಬೇಡ" ಅಂದರೆ, ಆಟ ಅಲ್ಲಿಗೇ ಬಿಟ್ಟು ಅಮ್ಮನಿಗೆ ಹೇಳಬೇಕು ಅನ್ನುವುದೊಂದು ಸಾಕು.

– ಸಂಪಾದಕ