ಸ್ಟಿಯರಿಂಗ್ ಹಿಡಿದವರು ಎಲ್ಲಿದ್ದರು?

2008ರ ಡಿಸೆಂಬರ್ 20ರಂದು ಅಮೆರಿಕದ ಡೆನ್ವರ್‌ನಲ್ಲಿ ಟೇಕಾಫ್‌ಗೆ ಓಡುತ್ತಿದ್ದ ಬೋಯಿಂಗ್ 737 ವಿಮಾನ ರನ್‌ವೇ ಬಿಟ್ಟು ಎಡಕ್ಕೆ ನುಗ್ಗಿದ್ದನ್ನು ಕಳೆದ ಸಂಚಿಕೆಯಲ್ಲಿ ನೆನಪಿಸಿದ್ದೆವು. ಅದನ್ನು ಓದಿದವರೊಬ್ಬರು ಹೀಗೆ ಕೇಳಿದ್ದಾರೆ: ‘ಚಿತ್ರದ ಕೆಳಗೆ “ಜಾರಿದ ವಿಮಾನ” ಅಂತ ಹಾಕಿದ್ದೀರಿ. ಮಳೆಯೇ ಇಲ್ಲದೆ ಜಾರಿದ್ದು ಹೇಗೆ? ಎದುರಿಗೆ ನೇರ ದಾರಿ, ಅಡ್ಡ ಬರುವವರು ಯಾರೂ ಇಲ್ಲ. ಸ್ಟಿಯರಿಂಗ್ ಹಿಡಿದವರು ನಿದ್ದೆ ಮಾಡುತ್ತಿದ್ದರಾ? ಬ್ರೇಕ್ ಹಾಕಬಹುದಿತ್ತಲ್ಲ?’

ಮೊದಲನೆಯದಕ್ಕೆ ತಪ್ಪೊಪ್ಪಿಗೆ. ‘ಜಾರಿದ’ ಅನ್ನುವುದು ಪ್ರೂಫ್ ನೋಡುವ ಆತುರದಲ್ಲಿ ನಾನೇ ಸೇರಿಸಿದ ಪದ. ಅಲ್ಲಿ ವಿಮಾನ ಜಾರಲಿಲ್ಲ. ಗಾಳಿ ಅದನ್ನು ತಿರುಗಿಸಿತು.

ಆದರೆ ಸ್ಟಿಯರಿಂಗ್ ವಿಷಯದಲ್ಲಿ ನಿಮ್ಮ ಜೊತೆ ಸ್ವಲ್ಪ ಜಗಳ ಇದೆ. ಪೈಲಟ್ ಎದುರಿಗೆ ಸ್ಟಿಯರಿಂಗ್ ಥರದ್ದು ಕಾಣುತ್ತದೆ, ನಿಜ. ಅದು ರೆಕ್ಕೆಗಳನ್ನು ಓರೆ ಮಾಡಲು ಇರುವುದು. ಮುಂದಿನ ಚಕ್ರ ತಿರುಗಿಸುವ ಹಿಡಿ ಬೇರೆ, ಪಕ್ಕದಲ್ಲಿರುತ್ತದೆ. ಅದು ನಿಧಾನವಾಗಿ ಹೋಗುವಾಗ ಬಳಸುವಂಥದ್ದು. ಟೇಕಾಫ್ ಓಟದಲ್ಲಿ ದಾರಿ ಹಿಡಿಯುವ ಕೆಲಸ ಕಾಲಿನದು. ಪೆಡಲ್ ಒತ್ತಿದರೆ 737ರ ಮುಂದಿನ ಚಕ್ರ ಹೆಚ್ಚೆಂದರೆ 7 ಡಿಗ್ರಿಯಷ್ಟು ತಿರುಗುತ್ತದೆ, ಬಾಲದಲ್ಲಿ ನೆಟ್ಟಗೆ ನಿಂತು ಎಡಬಲ ತಿರುಗುವ ಹಲಗೆ, ಅಂದರೆ ರಡ್ಡರ್, ಕೂಡ ಹೊರಳುತ್ತದೆ. ಶುರುವಿನಲ್ಲಿ ಚಕ್ರದ ಹಿಡಿತ ಸಾಕು. ವೇಗ ಏರಿದಂತೆ ರೆಕ್ಕೆ ಭಾರ ಹೊರತೊಡಗುತ್ತದೆ, ನೆಲದ ಹಿಡಿತ ಸಡಿಲವಾಗುತ್ತದೆ, ರಡ್ಡರ್‌ಗೆ ಬಡಿಯುವ ಗಾಳಿಯೇ ದಾರಿ ಕಾಯಬೇಕಾಗುತ್ತದೆ. ಇತ್ತ ಕಾರೂ ಅಲ್ಲ, ಅತ್ತ ಹಕ್ಕಿಯೂ ಅಲ್ಲ.

ಇಂಥ ಹೊತ್ತಿನಲ್ಲಿ ಅಡ್ಡಗಾಳಿ ಬೀಸಿದರೆ ಬಾಲದ ಎತ್ತರದ ರೆಕ್ಕೆಗೇ ಪೆಟ್ಟು ಜಾಸ್ತಿ. ಬಾಲ ಆಚೆಗೆ ಸರಿಯುತ್ತದೆ, ಮೂಗು ಗಾಳಿ ಬಂದ ಕಡೆಗೆ ಹೊರಳುತ್ತದೆ. ಡೆನ್ವರ್‌ನಲ್ಲಿ ಗಾಳಿ ಎಡಗಡೆಯಿಂದ ಬರುತ್ತಿತ್ತು, ಕ್ಯಾಪ್ಟನ್ ಬಲ ಪೆಡಲ್ ಒತ್ತುತ್ತಲೇ ಇದ್ದರು. ಆಮೇಲೆ, ರನ್‌ವೇ ಬಿಡುವುದಕ್ಕೆ ಸುಮಾರು 4 ಸೆಕೆಂಡ್ ಮೊದಲು, ಆ ಒತ್ತಡ ನಿಂತುಹೋಯಿತು. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಮುಖ್ಯ ಕಾರಣ ಅಂದದ್ದು ಇದನ್ನೇ.

ಹಾಗಾದರೆ ತಪ್ಪು ಅವರದೇ ಅಲ್ವಾ ಅನ್ನುತ್ತೀರಿ. ಸ್ವಲ್ಪ ತಾಳಿ. ಕಂಟ್ರೋಲ್ ಟವರ್ ಅವರಿಗೆ ಹೇಳಿದ್ದ ಗಾಳಿ 27 ನಾಟ್, ಅಂದರೆ ಗಂಟೆಗೆ ಸುಮಾರು 50 ಕಿಲೋಮೀಟರ್. ವಿಮಾನಕ್ಕೆ ಬಡಿದ ಜೋರು ಬೀಸು 45 ನಾಟ್, ಸುಮಾರು 83 ಕಿಲೋಮೀಟರ್. ಆ ನಿಲ್ದಾಣದ ಸುತ್ತ ಗಾಳಿ ಅಳೆಯುವ ಉಪಕರಣಗಳು ಹಲವು ಇದ್ದವು. ಇನ್ನೂ ಜೋರು ಗಾಳಿ ತೋರಿಸುತ್ತಿದ್ದ ಉಪಕರಣದ ಅಂಕಿ ಪೈಲಟ್ ಕಿವಿಗೆ ಮುಟ್ಟಲಿಲ್ಲ, ಮುಟ್ಟಿಸಲೇಬೇಕು ಅನ್ನುವ ನಿಯಮವೂ ಇರಲಿಲ್ಲ. ಅವರು ತರಬೇತಿ ಪಡೆದ ಸಿಮ್ಯುಲೇಟರ್‌ನಲ್ಲಿ ಹೀಗೆ ಬಿಟ್ಟು ಬಿಟ್ಟು ಬಡಿಯುವ ಅಡ್ಡಗಾಳಿಯ ಅಭ್ಯಾಸವೂ ಸಿಕ್ಕಿರಲಿಲ್ಲ. ಇಷ್ಟು ಗೊತ್ತಾದ ಮೇಲೆ ‘ನಿದ್ದೆ’ ಅನ್ನುವ ಮಾತು ನನಗೆ ಹಿಡಿಸಲಿಲ್ಲ.

ಬ್ರೇಕ್ ಬಗ್ಗೆ. ಓಟದಲ್ಲಿ ದಿಕ್ಕು ತಪ್ಪಿದರೆ ಟೇಕಾಫ್ ಕೈಬಿಡಬೇಕು, ನಿಮ್ಮ ಮಾತು ಸರಿ. ಡೆನ್ವರ್‌ನಲ್ಲೂ ಕೈಬಿಟ್ಟರು. ಆದರೆ ಆ ವೇಗದಲ್ಲಿ ನಿಲ್ಲುವುದಕ್ಕೆ ನೂರಾರು ಮೀಟರ್ ಬೇಕು. ರನ್‌ವೇ ಉದ್ದ ಎಷ್ಟೇ ಇರಲಿ, ದೊಡ್ಡ ರನ್‌ವೇಯ ಅಗಲ 45–60 ಮೀಟರ್ ಅಷ್ಟೆ. ನಡುಗೆರೆಯಿಂದ ಅಂಚಿಗೆ ಅದರ ಅರ್ಧ.

ಅಂದಹಾಗೆ, ಮೂಗು ತಿರುಗಿಸಲು ಗಾಳಿಯೇ ಬೇಕಿಲ್ಲ. ಒಂದು ಎಂಜಿನ್ ಬೇಗ, ಇನ್ನೊಂದು ತಡವಾಗಿ ಶಕ್ತಿ ಏರಿಸಿಕೊಂಡರೂ ಸಾಕು. ಟೇಕಾಫ್ ಮೊದಲು ಎಂಜಿನ್ ಸದ್ದು ಸ್ವಲ್ಪ ಏರಿ, ಒಂದು ಗಳಿಗೆ ತಡೆದು, ಆಮೇಲೆ ಅಬ್ಬರಿಸುವುದನ್ನು ನೀವು ಕೇಳಿರಬಹುದು. ಎರಡೂ ಸಮ ಇವೆಯಾ ಅಂತ ನೋಡಿಕೊಳ್ಳುವ ಗಳಿಗೆ ಅದು.

ಡೆನ್ವರ್ ವಿಮಾನ ಹಳ್ಳದಿಣ್ಣೆಯ ನೆಲ ಹಾರಿ ನಿಂತಾಗ ಬಲಗಡೆ ಬೆಂಕಿ ಹೊತ್ತಿತ್ತು. ಗಾಯಗೊಂಡವರು ಹಲವರು. ಆದರೂ ಒಳಗಿದ್ದ 115 ಜನರೂ ಬದುಕಿದರು. ಅರ್ಧ ಬಾಗಿಲು ತೆರೆಯದಿದ್ದರೂ 90 ಸೆಕೆಂಡ್‌ನಲ್ಲಿ ಎಲ್ಲರೂ ಹೊರಬರುವಂತಿರಬೇಕು ಅಂತ ವಿಮಾನಕ್ಕೆ ಮಂಜೂರಾತಿ ಕೊಡುವಾಗಲೇ ಪರೀಕ್ಷೆ ಇರುತ್ತದೆ. ಆ ಲೆಕ್ಕದಲ್ಲಿ ತಲೆಮೇಲಿನ ಗೂಡಿನಿಂದ ಬ್ಯಾಗ್ ಇಳಿಸುವ ಸಮಯ ಸೇರಿಲ್ಲ.

ಚಿತ್ರದ ಅಡಿಬರಹ ತಿದ್ದಿದ್ದೇವೆ.

— ಸಂ.