ಮೊನಾಕೊ ದುಡ್ಡೆಲ್ಲ ಜೂಜಿನದೇನಾ?

"ಮೊನಾಕೊ ಅಷ್ಟು ಪುಟ್ಟ ದೇಶ, ಅಷ್ಟೊಂದು ದುಡ್ಡು ಎಲ್ಲಿಂದ ಬಂತು? ಎಲ್ಲ ಕ್ಯಾಸಿನೊ ದುಡ್ಡೇ ತಾನೇ? ಆ ಕಡೆ ಹೋದರೆ ಒಂದು ದಿನ ಅಲ್ಲಿ ಕಳೆಯಬಹುದಾ?" ಎಂದು ಕೇಳಿದ್ದೀರಿ.

ಶುರುವಾಗಿದ್ದು ಕ್ಯಾಸಿನೊದಿಂದ, ಅದು ನಿಜ. ಆದರೆ ಅದಕ್ಕೂ ಹಿಂದೆ ಒಂದು ನಿಂಬೆಹಣ್ಣಿನ ಕಥೆ ಇದೆ.

ಕೆಲಸದ ಮೇಲೆ ನಾನು ಎರಡು ವರ್ಷ ಫ್ರಾನ್ಸಿನ ನೀಸ್ ನಗರದಲ್ಲಿದ್ದೆ. ಅಲ್ಲಿಂದ ಮೊನಾಕೊಗೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಊರಿಂದ ಯಾರೇ ಬರಲಿ, ಮೊದಲು ಕೇಳುತ್ತಿದ್ದದ್ದು ಮೊನಾಕೊ. ಹಾಗಾಗಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ.

1297ರಲ್ಲಿ ಫ್ರಾಂಚೆಸ್ಕೊ ಗ್ರಿಮಾಲ್ಡಿ ಎಂಬಾತ ಸನ್ಯಾಸಿ ವೇಷ ಹಾಕಿಕೊಂಡು ಇಲ್ಲಿನ ಕೋಟೆಯೊಳಗೆ ನುಸುಳಿದನಂತೆ. ಒಳಗೆ ಹೋದಮೇಲೆ ಕತ್ತಿ ತೆಗೆದ. ಇವತ್ತಿಗೂ ಮೊನಾಕೊ ಆಳುವ ಗ್ರಿಮಾಲ್ಡಿ ರಾಜಮನೆತನದ ಲಾಂಛನದಲ್ಲಿ ಕತ್ತಿ ಹಿಡಿದ ಇಬ್ಬರು ಸನ್ಯಾಸಿಗಳಿದ್ದಾರೆ. ಮೋಸ ಮಾಡಿ ಗೆದ್ದಿದ್ದನ್ನು ಲಾಂಛನದಲ್ಲೇ ಹಾಕಿಕೊಳ್ಳುವುದಕ್ಕೂ ಧೈರ್ಯ ಬೇಕು, ಅಲ್ವಾ?

ಕೋಟೆ ಸಿಕ್ಕಿತು, ದುಡ್ಡು ಸಿಗಲಿಲ್ಲ. ಮೊನಾಕೊ ಅಂದರೆ ಒಂದು ಬಂಡೆ, ಕೆಳಗೆ ಒಂದು ಬಂದರು. ರಾಜನ ಆದಾಯ ಬರುತ್ತಿದ್ದದ್ದು ಪಕ್ಕದ ಮೆಂಟನ್ ಮತ್ತು ರೋಕ್‌ಬ್ರೂನ್ ಎಂಬ ಎರಡು ಊರುಗಳಿಂದ. ಅಲ್ಲಿ ನಿಂಬೆ, ಆಲಿವ್ ಚೆನ್ನಾಗಿ ಬೆಳೆಯುತ್ತಿತ್ತು. ಅದರ ಮೇಲೆ ತೆರಿಗೆ ಹಾಕಿ ಹಾಕಿ ಜನರನ್ನು ಹಿಂಡಿದರು. 1848ರಲ್ಲಿ ಎರಡೂ ಊರುಗಳು ತಿರುಗಿ ಬಿದ್ದವು. ಕೊನೆಗೆ 1861ರಲ್ಲಿ ಮೊನಾಕೊ ರಾಜ ಮೂರನೆಯ ಚಾರ್ಲ್ಸ್ 40 ಲಕ್ಷ ಫ್ರಾಂಕ್ ತೆಗೆದುಕೊಂಡು ಅವನ್ನು ಫ್ರಾನ್ಸಿಗೆ ಬಿಟ್ಟುಕೊಟ್ಟ. ಹತ್ತರಲ್ಲಿ ಒಂಬತ್ತು ಪಾಲು ನೆಲ ಹೋಯಿತು. ಉಳಿದದ್ದು ಬಂಡೆ.

ಈಗ ಏನು ಮಾಡಬೇಕು? ಚಾರ್ಲ್ಸ್‌ನ ತಾಯಿ ಕ್ಯಾರೋಲಿನ್ ಲೆಕ್ಕಾಚಾರದ ಹೆಂಗಸು. ಫ್ರಾನ್ಸಿನಲ್ಲಿ ಜೂಜುಮನೆಗಳನ್ನು ಮುಚ್ಚಿಸಿ ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಆಡುವವರೆಲ್ಲ ಜರ್ಮನಿಯ ಕಡೆ ಹೋಗುತ್ತಿದ್ದರು. ಅವರನ್ನು ಇಲ್ಲಿಗೆ ಎಳೆಯಬೇಕು ಎಂಬುದು ಅವಳ ಯೋಚನೆ. ಮೊದಲ ಪ್ರಯತ್ನ 1856ರಲ್ಲೇ ಆಗಿ, ನೆಲಕಚ್ಚಿತ್ತು. ಸರಿಯಾದ ರಸ್ತೆ ಇಲ್ಲದ ಊರಿಗೆ ಯಾವ ಸಾಹುಕಾರ ಬರುತ್ತಾನೆ?

1863ರಲ್ಲಿ ಫ್ರಾನ್ಸ್ವಾ ಬ್ಲಾಂ ಬಂದ. ಜರ್ಮನಿಯ ಹೊಂಬುರ್ಗ್‌ನಲ್ಲಿ ಕ್ಯಾಸಿನೊ ನಡೆಸಿ ಪಳಗಿದವನು. ನಿಜವಾದ ಆಟ ಅವನು ಬಂದಮೇಲೆಯೇ ಶುರು. ಬರೀ ಜೂಜಿನ ಮೇಜು ಹಾಕಿ ಕೂರಲಿಲ್ಲ. ಹೋಟೆಲ್ ಕಟ್ಟಿಸಿದ, ತೋಟ ಮಾಡಿಸಿದ. ಕಂಪನಿಯ ಹೆಸರಿನಲ್ಲಿ ಜೂಜಿನ ಸುಳಿವೇ ಇಲ್ಲ, 'ಸಮುದ್ರ ಸ್ನಾನದ ಸಂಘ' ಎಂದು! ಕ್ಯಾಸಿನೊ ಇದ್ದ ಗುಡ್ಡಕ್ಕೆ ಮೊದಲು ಗುಹೆಗಳು ಎಂಬ ಅರ್ಥದ ಹೆಸರಿತ್ತು, ಅದಕ್ಕೆ 1866ರಲ್ಲಿ ರಾಜನ ಹೆಸರಿಟ್ಟರು. ಮಾಂಟೆ ಕಾರ್ಲೊ, ಅಂದರೆ ಚಾರ್ಲ್ಸ್ ಬೆಟ್ಟ. 1868ರಲ್ಲಿ ರೈಲು ಬಂತು. ಮರುವರ್ಷವೇ ರಾಜ ತನ್ನ ಪ್ರಜೆಗಳ ನೇರ ತೆರಿಗೆ ತೆಗೆದುಹಾಕಿದ.

ಕ್ಯಾಸಿನೊದ ಮುಖ್ಯ ಆಟ ರೂಲೆಟ್, ಚಕ್ರ ತಿರುಗಿಸಿ ಚೆಂಡು ಯಾವ ಸಂಖ್ಯೆಯಲ್ಲಿ ನಿಲ್ಲುತ್ತದೆಂದು ಬಾಜಿ ಕಟ್ಟುವುದು. ಚಕ್ರದಲ್ಲಿ ಸೊನ್ನೆ ಸೇರಿ 37 ಮನೆ, ಸೊನ್ನೆ ಬಿಟ್ಟು ಉಳಿದವು ಕೆಂಪು ಇಲ್ಲವೇ ಕಪ್ಪು. ಒಂದು ಸಂಖ್ಯೆ ಹಿಡಿದು ಗೆದ್ದರೆ ಕಟ್ಟಿದ ದುಡ್ಡು ವಾಪಸ್ ಕೊಟ್ಟು ಮೇಲೆ ಕೊಡುವುದು 35 ಪಟ್ಟು. ಲೆಕ್ಕ ಹಾಕಿ ನೋಡಿ, ಕಟ್ಟಿದ ಪ್ರತಿ 100 ರೂಪಾಯಿಯಲ್ಲಿ ಸರಾಸರಿ 2 ರೂಪಾಯಿ 70 ಪೈಸೆ ಕ್ಯಾಸಿನೊದವನಿಗೇ. ಇನ್ನು ಬ್ಲಾಂ ಎಂದರೆ ಫ್ರೆಂಚಿನಲ್ಲಿ ಬಿಳಿ. ಕೆಂಪು ಒಮ್ಮೊಮ್ಮೆ ಗೆಲ್ಲುತ್ತದೆ, ಕಪ್ಪು ಆಗಾಗ ಗೆಲ್ಲುತ್ತದೆ, ಬಿಳಿ ಮಾತ್ರ ಯಾವಾಗಲೂ ಗೆಲ್ಲುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ತಮಾಷೆ ಏನೆಂದರೆ ಮೊನಾಕೊ ಪ್ರಜೆಗಳು ಮಾತ್ರ ಅಲ್ಲಿ ಆಡುವಂತಿಲ್ಲ. ಊರಿನವರ ದುಡ್ಡು ಊರಲ್ಲೇ ಉಳಿಯಲಿ, ಹೊರಗಿನವರದು ಹೋಗಲಿ!

ಆಮೇಲಿನದು ನಿಮಗೆ ಗೊತ್ತಿರುವ ಥಳುಕು. ಪ್ಯಾರಿಸ್ ಒಪೆರಾ ಕಟ್ಟಿದ ಶಾರ್ಲ್ ಗಾರ್ನಿಯೆ ಇಲ್ಲೂ ಒಂದು ಪುಟ್ಟ ಒಪೆರಾ ಮನೆ ಕಟ್ಟಿದ. ಅದು 1879ರಲ್ಲಿ ತೆರೆಯಿತು. ರಷ್ಯಾದ ರಾಜವಂಶದವರು, ಇಂಗ್ಲೆಂಡಿನ ಸಾಹುಕಾರರು ಬರತೊಡಗಿದರು. ಆಗ ಸೀಸನ್ ಚಳಿಗಾಲ, ಬೇಸಿಗೆಯಲ್ಲ. ಮೈ ಕಪ್ಪಾಗುತ್ತದೆ ಎಂದು ಬಿಸಿಲಿಗೆ ಹೆದರುತ್ತಿದ್ದ ಕಾಲ ಅದು. 1929ರಲ್ಲಿ ಕಾರ್ ರೇಸ್ ಶುರುವಾಯಿತು. 1956ರಲ್ಲಿ ಹಾಲಿವುಡ್ ನಟಿ ಗ್ರೇಸ್ ಕೆಲ್ಲಿ ರಾಜ ರೇನಿಯರ್‌ನನ್ನು ಮದುವೆಯಾದಳು. ಆ ಮದುವೆಯಿಂದ ಸಿಕ್ಕ ಪ್ರಚಾರ ದುಡ್ಡು ಕೊಟ್ಟರೂ ಸಿಗುವಂಥದ್ದಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಇವತ್ತು ಸರ್ಕಾರದ ಆದಾಯದಲ್ಲಿ ಕ್ಯಾಸಿನೊದ್ದು ಸಣ್ಣ ಪಾಲು. ದೊಡ್ಡ ಪಾಲು ವ್ಯಾಟ್‌ನದು. ಬ್ಯಾಂಕು, ಮನೆ ವ್ಯಾಪಾರ, ಅಂಗಡಿ, ಹೋಟೆಲು ಎಲ್ಲ ಸೇರಿ ಊರು ನಡೆಯುತ್ತದೆ. ಅಲ್ಲಿ ವಾಸವಿರುವವರಿಗೆ ಆದಾಯ ತೆರಿಗೆ ಇಲ್ಲ, ಶ್ರೀಮಂತರು ಮುಗಿಬೀಳುವುದು ಅದಕ್ಕೇ. ಫ್ರೆಂಚರಿಗೆ ಮಾತ್ರ ಈ ಭಾಗ್ಯವಿಲ್ಲ. ತನ್ನ ಸಾಹುಕಾರರೆಲ್ಲ ಅಲ್ಲಿ ಅಡಗುತ್ತಿದ್ದಾರೆಂದು ಫ್ರಾನ್ಸ್ ಅಧ್ಯಕ್ಷ ಡಿಗಾಲ್‌ಗೆ ಸಿಟ್ಟು ಬಂದು, 1962ರ ಅಕ್ಟೋಬರಿನ ಒಂದು ರಾತ್ರಿ ಗಡಿಯಲ್ಲಿ ಕಸ್ಟಮ್ಸ್‌ನವರನ್ನು ನಿಲ್ಲಿಸಿಬಿಟ್ಟ. ಎರಡು ಚದರ ಕಿಲೋಮೀಟರಿನ ದೇಶ ಏನು ಮಾಡೀತು? ಮರುವರ್ಷ ಒಪ್ಪಂದಕ್ಕೆ ಸಹಿ ಹಾಕಿತು.

ನೆಲ ಕಳೆದುಕೊಂಡ ನೋವು ಇನ್ನೂ ಹೋಗಿಲ್ಲವೇನೋ, ಈಗ ಸಮುದ್ರವನ್ನೇ ತುಂಬಿಸಿ ಜಾಗ ಮಾಡಿಕೊಳ್ಳುತ್ತಾರೆ. ಫಾಂವಿಯೆಯ್ ಎಂಬ ಇಡೀ ಬಡಾವಣೆ ಹಾಗೆ ಆದದ್ದು.

ಹೋಗಬಹುದಾ? ಖಂಡಿತ ಹೋಗಿ, ಒಂದು ದಿನ ಸಾಕು. ರಾತ್ರಿ ಉಳಿಯಬೇಡಿ, ಜೇಬು ತೂತಾಗುತ್ತದೆ. ನೀಸ್‌ನಲ್ಲಿ ಉಳಿದು ರೈಲಿನಲ್ಲಿ ಬನ್ನಿ. ಸ್ಟೇಷನ್ ಇರುವುದು ಬಂಡೆಯ ಒಳಗೆ. ಊರೆಲ್ಲ ಏರು, ಆದರೆ ಬೀದಿಬೀದಿಗೆ ಪುಕ್ಕಟೆ ಲಿಫ್ಟು, ಎಸ್ಕಲೇಟರ್ ಇಟ್ಟಿದ್ದಾರೆ. ನನ್ನ ಅತ್ತೆಗೆ ಮೊನಾಕೊದಲ್ಲಿ ಇಷ್ಟವಾಗಿದ್ದು ಅದೊಂದೇ! ರೇಸ್ ನಡೆಯುವುದು ಮಾಮೂಲಿ ಬೀದಿಗಳಲ್ಲೇ, 3.3 ಕಿಲೋಮೀಟರ್ ಸುತ್ತನ್ನು ನಡೆದೇ ಮುಗಿಸಬಹುದು. 2016ರಲ್ಲಿ ನಮ್ಮ ವಿಜಯ್ ಮಲ್ಯರ ಫೋರ್ಸ್ ಇಂಡಿಯಾ ತಂಡದ ಪೆರೆಜ್ ಇಲ್ಲೇ ಮೂರನೆಯವನಾಗಿ ಬಂದದ್ದು. ಕ್ಯಾಸಿನೊ ಮುಂದೆ ನಿಂತವರಲ್ಲಿ ಮುಕ್ಕಾಲು ಜನ ಕಾರಿನ ಫೋಟೊ ತೆಗೆಯುವವರು. ನಾನೂ ತೆಗೆದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಸಂಜೆ ಸಮಯ ಉಳಿದರೆ ವಾಪಸ್ ಹೋಗುವ ಮೊದಲು ಇಟಲಿ ಕಡೆಯ ರೈಲು ಹತ್ತಿ ಮೆಂಟನ್‌ಗೆ ಹೋಗಿ. ಅದೇ, ತಿರುಗಿ ಬಿದ್ದ ಊರು. ಈಗಲೂ ನಿಂಬೆಗೆ ಹೆಸರುವಾಸಿ, ಫೆಬ್ರವರಿಯಲ್ಲಿ ನಿಂಬೆ ಜಾತ್ರೆಯೇ ಮಾಡುತ್ತಾರೆ. ನಾವು ಎರಡು ಕೆಜಿ ತಂದು ಉಪ್ಪಿನಕಾಯಿ ಹಾಕಿದ್ದೆವು. ಸಿಪ್ಪೆ ದಪ್ಪ, ಹುಳಿ ಕಡಿಮೆ. ಉಪ್ಪು ಸ್ವಲ್ಪ ಜಾಸ್ತಿ ಹಿಡಿಯಿತು.